ಸೊನೆ ಸುಟ್ಟ ಕೈ

ಮೊದಲು ಗುಳ್ಳೆ ಎದ್ದದ್ದು ನನ್ನ ಕೈಯಲ್ಲಲ್ಲ. ಮಗಳ ಕೆನ್ನೆಯಲ್ಲಿ.

ಅವಳಿಗೆ ಆಗ ಹಲ್ಲು ಬಂದಿರಲಿಲ್ಲ. ಮೂಡುಬಿದಿರೆಯ ಗೇರುಬೀಜದ ಕಾರ್ಖಾನೆಯಲ್ಲಿ ನನ್ನದು ಬೀಜ ಗುದ್ದುವ ಕೆಲಸ. ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಗುದ್ದಿದರೆ ಓಡು ಒಡೆಯುತ್ತದೆ, ಅದರ ಸೊನೆ ಬೆರಳಿಗೆ ಮೆತ್ತುತ್ತದೆ. ಮೈ ಸುಡುವ ಸೊನೆ. ಕೈಗೆ ಹಚ್ಚಲು ಒಲೆಯ ಬೂದಿ ಮಾತ್ರ ಕೊಡುತ್ತಿದ್ದರು. ತೊಳೆಯಲು ನೀರಿರಲಿಲ್ಲ. ಸಂಜೆ ಎದೆ ಹಾಲು ಕಟ್ಟಿ ನೋಯುವಾಗ, ಕೈಯನ್ನು ಸೆರಗಿಗೆ ಒರೆಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದೆ.

ಸೆಕೆಯ ಗುಳ್ಳೆ ಎಂದುಕೊಂಡೆವು. ಸ್ವಲ್ಪ ದಿನದಲ್ಲೇ ನನ್ನ ಬೆರಳ ಸಂದುಗಳು ಬಿರಿದು ಕೀವುಗಟ್ಟಿದವು. ಜ್ವರ ಬಂತು.

ಆಸ್ಪತ್ರೆಯ ಲೇಡಿ ಡಾಕ್ಟರು ಮಗುವನ್ನು ನೋಡಿದರು. ಆಮೇಲೆ ನನ್ನ ಅಂಗೈ ತಿರುಗಿಸಿ ನೋಡಿದರು.

"ಈ ಕೈಯಲ್ಲೇ ಮಗುವನ್ನು ಮುಟ್ಟಿದ್ದಾ?"

ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ನಿಮ್ಮ ತಪ್ಪಲ್ಲ," ಎಂದರು ಅವರು, ದನಿ ತಗ್ಗಿಸಿ. "ಮಗುವಿಗೆ ಬೇಗ ಗುಣ ಆಗ್ತದೆ. ನಿಮ್ಮ ಕೈಗೆ ಇನ್‌ಫೆಕ್ಷನ್ ಆಗಿ ಉಂಟು. ಕೆಲಸ ಮಾಡಿಸುವವರು ಎಣ್ಣೆ, ಸಾಬೂನು, ನೀರು ಕೊಡ್ಬೇಕು. ಅದು ಉಪಕಾರ ಅಲ್ಲ."

ಇಂಜೆಕ್ಷನ್ ಕೊಟ್ಟು ಎರಡೂ ಕೈಗೆ ಡ್ರೆಸ್ಸಿಂಗ್ ಮಾಡಿದರು. ಮನೆಗೆ ಬಂದ ಮೇಲೆ ತಿಳಿಯಿತು, ಕೈಯಿಲ್ಲದೆ ಬದುಕುವುದೆಂದರೆ ಏನೆಂದು. ನನ್ನ ಗಂಡ ಅಕ್ಕಿಮಿಲ್ಲಿನಲ್ಲಿ ಮೂಟೆ ಹೊರುವವರು. ಬೆಳಗ್ಗೆ ಗಂಜಿ ಉಣಿಸಿ, ತಲೆ ಬಾಚಿ ಹೋಗುತ್ತಿದ್ದರು. ಜಡೆ ಹಾಕಲು ಗೊತ್ತಿಲ್ಲದೆ ಕೂದಲನ್ನು ಮೂಟೆಯ ಬಾಯಿ ಕಟ್ಟಿದ ಹಾಗೆ ಬಿಗಿದು ಕಟ್ಟುತ್ತಿದ್ದರು. ಹಾಲೂಡಿಸುವಾಗ ನಾನು ಕೈಗಳನ್ನು ದೂರಕ್ಕೆ ಚಾಚಿ ಕೂರುತ್ತಿದ್ದೆ. ಅವರು ಮಗುವನ್ನು ನನ್ನ ಎದೆಗೆ ಹಿಡಿದು, ಅದರ ಹೊಟ್ಟೆ ತುಂಬುವವರೆಗೆ ಮೊಣಕಾಲೂರಿಕೊಂಡೇ ಇರುತ್ತಿದ್ದರು.

"ಮಂಡಿ ನೋಯುದಿಲ್ವಾ?" ಎಂದು ಕೇಳಿದೆ.

"ಇದೇನು ಅಕ್ಕಿ ಮೂಟೆಯಾ?" ಎಂದರು.

ನಕ್ಕೆ. ಆಮೇಲೆ ಅತ್ತುಬಿಟ್ಟೆ. ಕಣ್ಣೊರೆಸಿದ್ದೂ ಅವರೇ.

ನನ್ನ ಪಕ್ಕದ ಕಲ್ಲಿನಲ್ಲಿ ಗುದ್ದುತ್ತಿದ್ದ ಸಿಸಿಲಿ ಬಾಯಿ ನೋಡಲು ಬಂದಳು. ಡಾಕ್ಟರು ಹೇಳಿದ್ದನ್ನು ಕೇಳಿ, "ನಾಳೆ ಬರ್ತೀಯಾ ಕಮಲ? ಧಣಿಗಳಿಗೆ ತೋರಿಸುವ," ಎಂದಳು.

ಹೋದರೆ ಇದ್ದ ಕೆಲಸವೂ ಹೋದೀತೆಂದು ಹೆದರಿದೆ. ಗಂಡ ಮಗುವನ್ನು ಎತ್ತಿಕೊಂಡು ಜೊತೆಗೆ ಬಂದರು.

ಸಿಸಿಲಿ ಬಾಯಿ ಮೊದಲೇ ಹೇಳಿಟ್ಟಿದ್ದರಿಂದ ಅಂದು ಬೆಳಗ್ಗೆ ಯಾರೂ ಕೊಡತಿ ಮುಟ್ಟಲಿಲ್ಲ. ಸದ್ದಿಲ್ಲದ್ದನ್ನು ಗಮನಿಸಿ ಧಣಿಗಳೇ ಒಳಗೆ ಬಂದರು. ಸಿಸಿಲಿ ಬಾಯಿ ನನ್ನ ಕೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಧಣಿಗಳು ನನ್ನ ಕೈ ನೋಡಿದರು, ಮಗುವಿನ ಕೆನ್ನೆಯನ್ನೂ ನೋಡಿದರು.

"ಇದನ್ನು ನನಗೆ ಯಾರೂ ಹೇಳ್ಲಿಲ್ಲ," ಎಂದರು.

"ನೀವು ಕೇಳ್ಲೂ ಇಲ್ಲ, ಧಣಿ," ಎಂದಳು ಸಿಸಿಲಿ ಬಾಯಿ.

ಅವರ ಮುಖ ಕೆಂಪಾಯಿತು. ಇನ್ನು ನಮ್ಮನ್ನೆಲ್ಲ ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರು ತಿರುಗಿ ಹೊರಟುಹೋದರು. ನಾವು ಕೂತೇ ಇದ್ದೆವು. ಮಧ್ಯಾಹ್ನದ ಹೊತ್ತಿಗೆ ಹರಳೆಣ್ಣೆಯ ಡಬ್ಬ ಬಂತು. ಮರುವಾರ ಅಂಗಳದಲ್ಲಿ ನೀರಿನ ತೊಟ್ಟಿ ಕಟ್ಟಿಸಿ, ಸಾಬೂನು ಇಡಿಸಿದರು. ನನಗೆ ಗುಣವಾಗುವವರೆಗೆ ಸೊನೆ ತಾಗದ ಕಡೆ, ತಿರುಳು ವಿಂಗಡಿಸುವ ಕೆಲಸ ಕೊಟ್ಟರು.

ಗಾಯ ಮಾಯಿತು. ಮಗಳ ಕೆನ್ನೆಯಲ್ಲಿ ಈಗ ಕಲೆಯೂ ಇಲ್ಲ. ನನ್ನ ಬೆರಳ ತುದಿ ಮಾತ್ರ ಮೊದಲಿನಂತಾಗಲಿಲ್ಲ. ಬಿಸಿ ತಾಗಿದ್ದು ತಡವಾಗಿ ತಿಳಿಯುತ್ತದೆ. ಮಳೆಗಾಲದಲ್ಲಿ ಚರ್ಮ ಏಳುತ್ತದೆ. ಇಷ್ಟರಲ್ಲೇ ಉಳಿಯಿತಲ್ಲ ಎಂದುಕೊಳ್ಳುತ್ತೇನೆ.

ಮೊನ್ನೆ ವೇಣೂರಿನ ಕಡೆಯ ಹೆಂಗಸೊಬ್ಬಳು ಹೊಸದಾಗಿ ಸೇರಿದಳು. ಅವಸರದಲ್ಲಿ ಅಂಗೈಗಷ್ಟೇ ಎಣ್ಣೆ ಸವರಿ ಕೂರಲು ಹೊರಟಳು. ಕರೆದು ಕೂರಿಸಿ, ಒಂದೊಂದೇ ಬೆರಳ ಸಂದಿಗೆ ಹಚ್ಚಿದೆ.

"ಸಾಕು ಅಕ್ಕ, ಹೊತ್ತಾಯ್ತು," ಎಂದಳು.

"ಆಗ್ಲಿ," ಎಂದು ಇನ್ನೊಂದು ಕೈ ಹಿಡಿದುಕೊಂಡೆ.