ಟಕ್ ಅಂತು, ದೀಪ ಹತ್ತಲಿಲ್ಲ

ಅವ್ವನ ಕಣ್ಣು ಮಂಜಾಗುತ್ತಿದ್ದ ಆ ಮಳೆಗಾಲ ಪೂರ್ತಿ ನಾನು ಸ್ಟೂಲಿನ ಮೇಲೆ ನಿಂತು ಛಾವಣಿಯ ಸೆನ್ಸರ್ ಬಿಚ್ಚುತ್ತಿದ್ದೆ. ಕೆಟ್ಟದ್ದು ಸೆನ್ಸರೇ ಅಂತ ನನಗೆ ಅಷ್ಟು ಖಾತ್ರಿ ಇತ್ತು. ಅವ್ವನಿಗೂ ಇತ್ತು.

ಮೊದಲು ಮನೆಯ ವಿಷಯ ಹೇಳುತ್ತೇನೆ, ಇಲ್ಲದಿದ್ದರೆ ಆ ಸೆನ್ಸರ್ ಯಾಕೆ ಬೇಕಾಯಿತು ಅಂತ ಗೊತ್ತಾಗುವುದಿಲ್ಲ. ಮರಾಠಿ ಸೀಮೆಯ ಖಡಕಿ ಎಂಬ ಊರಿನಲ್ಲಿ ನಮಗಿದ್ದದ್ದು ಮೂರು ಕೋಣೆ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದಿನ ಕೋಣೆಗೆ ರಸ್ತೆಯ ಬೆಳಕು, ಹಿಂದಿನ ಅಡುಗೆಮನೆಗೆ ಹಿತ್ತಲಿನ ಬೆಳಕು, ನಡುಮನೆಗೆ ಯಾವುದೂ ಇಲ್ಲ. ಕಿಟಕಿಯೇ ಇರಲಿಲ್ಲ. ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ. ಅಪ್ಪ ಧಾರವಾಡದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದಾಗ ಹಿಡಿದ ಬಾಡಿಗೆ ಮನೆ ಅದು. ಅವ್ವ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿ, ಪೀಕೋ ಮಾಡಿಕೊಡುತ್ತಿದ್ದಳು. ಒಲೆ ಹಿಂದೆ, ಗಿರಾಕಿ ಮುಂದೆ. ದಿನವಿಡೀ ಎರಡೂ ಕೈಯಲ್ಲಿ ಏನಾದರೂ ಹಿಡಿದುಕೊಂಡು ನಡುಮನೆಯ ಮೂಲಕ ಓಡಾಟ. ಸ್ವಿಚ್ಚು ಮಾತ್ರ ಕಪಾಟಿನ ಹಿಂದೆ! ಕೈಯಲ್ಲಿದ್ದುದನ್ನು ಕೆಳಗಿಟ್ಟು, ಗೋಡೆ ತಡವಿ, ಕಪಾಟಿನ ಸಂದಿಯಲ್ಲಿ ಬೆರಳು ತೂರಿಸಿದರೆ ದೀಪ. ಅವ್ವ ಆ ಗೋಜಿಗೇ ಹೋಗದೆ ಕತ್ತಲಲ್ಲೇ ದಾಟುತ್ತಿದ್ದಳು. ಮಂಚದ ಕಾಲಿಗೆ ಹೆಬ್ಬೆರಳು ಬಡಿಸಿಕೊಳ್ಳುತ್ತಿದ್ದಳು.

ಆಗ ನಾನು ಕಾಲೇಜಿನಲ್ಲಿ ಓದುತ್ತಿದ್ದದ್ದು ಕಾಮರ್ಸ್. ತಲೆಯ ತುಂಬ ಇದ್ದದ್ದು ಎಲೆಕ್ಟ್ರಾನಿಕ್ಸ್. ಯಾರೂ ಕಲಿಸಿದ್ದಲ್ಲ. ರದ್ದಿ ಅಂಗಡಿಯಲ್ಲಿ ಹಳೆಯ ಮ್ಯಾಗಜೀನು ಹುಡುಕುವುದು, ಅದರಲ್ಲಿಯ ಸರ್ಕಿಟ್ ನೋಡಿ ಬುಧವಾರ ಪೇಠೆಯ ಗಲ್ಲಿಗಳಿಂದ ಬಿಡಿಭಾಗ ತರುವುದು, ಬೆಸುಗೆ ಹಾಕುವುದು, ಸುಡುವುದು, ಮತ್ತೆ ತರುವುದು. ಎರಡು ಸಾವಿರದ ಇಸವಿ ಇನ್ನೂ ಬಂದಿರಲಿಲ್ಲ. ಒಂದು ಭಾನುವಾರ ಹಳೆ ಸಾಮಾನು ಮಾರುವ ಜುನಾ ಬಾಜಾರಿನಲ್ಲಿ, ತುಕ್ಕು ಹಿಡಿದ ಸ್ಪ್ಯಾನರುಗಳ ನಡುವೆ, ಬಿಳಿ ಪ್ಲಾಸ್ಟಿಕ್ಕಿನದೊಂದು ಕಂಡಿತು. ಮುಗುಚಿಟ್ಟ ಬಟ್ಟಲಿನ ಆಕಾರ, ಮೇಲೆಲ್ಲ ಸಣ್ಣ ಸಣ್ಣ ಚೌಕದ ಗೆರೆ. ಯಾವುದೋ ಆಫೀಸಿನ ಛಾವಣಿಯಿಂದ ಕಿತ್ತ, ಕಳ್ಳ ಬಂದರೆ ಕೂಗುವ ಅಲಾರ್ಮಿನ ಸೆನ್ಸರ್. ಮ್ಯಾಗಜೀನಿನಲ್ಲಿ ಫೋಟೋ ನೋಡಿದ್ದೆನಾದ್ದರಿಂದ ತಕ್ಷಣ ಗುರುತು ಹಿಡಿದೆ. ಮನುಷ್ಯನ ಮೈಯಿಂದ ಸದಾ ಕಾವು ಹೊರಡುತ್ತಿರುತ್ತದೆ. ಆ ಕಾವು ಕೋಣೆಯಲ್ಲಿ ಅತ್ತಿಂದಿತ್ತ ಸರಿದರೆ ಸಾಕು, ಇದಕ್ಕೆ ತಿಳಿಯುತ್ತದೆ. ಎಂಥ ಚಂದದ ವಿಚಾರ ನೋಡಿ!

ಮನೆಗೆ ತಂದು ಅದಕ್ಕೊಂದು ರಿಲೇ ಸೇರಿಸಿದೆ. ರಿಲೇ ಅಂದರೆ ಕರೆಂಟು ಬಂದಾಗ ತನ್ನಷ್ಟಕ್ಕೆ ಒತ್ತಿಕೊಳ್ಳುವ ಪುಟ್ಟ ಸ್ವಿಚ್ಚು. ಒತ್ತಿಕೊಳ್ಳುವಾಗ ಟಕ್ ಅನ್ನುತ್ತದೆ. ಯಾರಾದರೂ ನಡುಮನೆಗೆ ಬಂದರೆ ಟಕ್, ಬಲ್ಬು ಹತ್ತಬೇಕು. ಸ್ವಲ್ಪ ಹೊತ್ತು ಯಾರೂ ಅಲುಗಾಡದಿದ್ದರೆ ಮತ್ತೆ ಟಕ್, ಆರಬೇಕು. ದೀಪಾವಳಿ ಮುಗಿದ ಮೇಲಿನ ಚಳಿಯ ದಿನಗಳವು. ಮೊದಲ ಸಲವೇ ಕೆಲಸ ಮಾಡಿಬಿಟ್ಟಿತು.

ಅವ್ವ ತೋಳಿನ ತುಂಬ ಸೀರೆ ಹೊತ್ತು ಬಂದಳು. ಟಕ್. ಹಳದಿ ಬೆಳಕು. ಅಲ್ಲೇ ನಿಂತುಬಿಟ್ಟಳು.

"ಏ ತಮ್ಮಾ, ಇದು ಸೊಸಿಕಿಂತ ಛಲೋ ಆತು ನೋಡು. ಅತ್ತಿ ಬಂದ್ಲು ಅಂದಕೂಡಲೇ ಎದ್ದು ನಿಲ್ಲತದ."

"ಸೊಸಿ ಎಲ್ಲಿ ಬಂದಾಳವ್ವಾ ಇನ್ನೂ?"

"ಬರೂಕಿ ಹಿಂಗ ಇರಲಿ ಅಂತ ಈಗ ಹೇಳಿಟ್ಟೆ."

ಅಪ್ಪ ಮುಂದಿನ ಕೋಣೆಯಿಂದಲೇ ಕೂಗಿದರು. "ಕಳ್ಳ ಬಂದ್ರೂ ಹತ್ತತದೇನೋ? ಹಂಗಾದ್ರ ಅವಂಗೂ ಹುಡುಕಾಕ ಅನುಕೂಲ ಆತು ಬಿಡು."

ಪಕ್ಕದ ಮನೆಯ ಕಾಕು ಮರಾಠಿಯವರು, ಅವ್ವನ ಕಾಯಂ ಗಿರಾಕಿ. "ಅಗ ಬಾಯಿ!" ಅಂತ ಕೆನ್ನೆಗೆ ಕೈಯಿಟ್ಟು, ನಾಲ್ಕಾರು ಸಲ ಒಳಗೆ ಹೊರಗೆ ಓಡಾಡಿ ಹತ್ತಿಸಿ ನೋಡಿದರು. ಅಪ್ಪ ಮಂಚದ ಮೇಲೆ ಅಲುಗಾಡದೆ ಪೇಪರ್ ಓದುತ್ತಿದ್ದರೆ ದೀಪ ಆರಿಹೋಗುತ್ತಿತ್ತು. ಆಗ ಒಂದು ಕಾಲು ಮೇಲೆತ್ತಿ ಗಾಳಿಯಲ್ಲಿ ಆಡಿಸುತ್ತಿದ್ದರು. ನೋಡಲು ಮಜಾ ಇರುತ್ತಿತ್ತು. ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಚಳಿಗಾಲ ಹೀಗೆ ಕಳೆಯಿತು. ಮೇ ತಿಂಗಳಲ್ಲಿ ಸೆನ್ಸರ್ ನಿಜಕ್ಕೂ ಕೈಕೊಟ್ಟಿತು. ಅವ್ವ ಬಂದರೂ ಸುಮ್ಮನಿರುತ್ತಿತ್ತು. ಅಪ್ಪ ಬಂದರೂ, ನಾನು ಬಂದು ಕುಣಿದರೂ ಅಷ್ಟೇ. ಟಕ್ ಅಂತಲೇ ಅನ್ನುತ್ತಿರಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದು ಹರಿದ ಮ್ಯಾಗಜೀನಿನಲ್ಲಿ ಉತ್ತರ ಸಿಕ್ಕಿತು. ಇದಕ್ಕೆ ತಿಳಿಯುವುದು ಮೈಯ ಕಾವಿಗೂ ಗೋಡೆಯ ಕಾವಿಗೂ ಇರುವ ಅಂತರ. ಬಿಸಿಲಿಗೆ ಸ್ಲ್ಯಾಬು, ಗೋಡೆ ಎಲ್ಲ ಕಾದು ನಮ್ಮ ಮೈಯಷ್ಟೇ ಬಿಸಿಯಾದರೆ ನಾವೂ ಗೋಡೆಯೂ ಅದಕ್ಕೆ ಒಂದೇ. ಓದಿ ಖುಷಿಯಿಂದ ಅವ್ವನಿಗೆ ಹೇಳಿದೆ. "ಅಂದ್ರ ಬ್ಯಾಸಿಗ್ಯಾಗ ನಾವು ಇಲ್ಲಂಗ ಆಗತೇವೇನು?" ಅಂದಳು. "ಹೌದವ್ವ, ಮಳಿ ಬರಲಿ, ಸರಿ ಆಗತದ" ಅಂದೆ.

ಮಳೆ ಬಂತು. ಗೋಡೆ ತಣ್ಣಗಾದವು. ಸೆನ್ಸರ್ ಸರಿಯಾಯಿತು. ಆಗಲೇ ಅವ್ವನ ದೂರು ಶುರುವಾದದ್ದು.

"ತಮ್ಮಾ, ಇವತ್ತೂ ದೀಪ ಹತ್ತಲಿಲ್ಲೋ."

"ಟಕ್ ಅಂತೇನು?"

"ಟಕ್ ಅಂತು. ಹತ್ತಲಿಲ್ಲ."

ಇದು ಬೇಸಿಗೆಯ ರೋಗವಲ್ಲ ಅಂತ ನನಗೆ ತಕ್ಷಣ ಹೊಳೆಯಿತು. ಟಕ್ ಅಂದರೆ ಅವ್ವ ಬಂದದ್ದು ಸೆನ್ಸರಿಗೆ ತಿಳಿದಿದೆ, ರಿಲೇ ಒತ್ತಿಕೊಂಡಿದೆ. ಹಾಗಾದರೆ ತೊಂದರೆ ಮುಂದೆ ಎಲ್ಲೋ ಇದೆ. ರಿಲೇಯ ಒಳಗಿನ ತುದಿಗಳಿಗೆ ಮಸಿ ಹಿಡಿದಿರಬೇಕು. ಬಿಚ್ಚಿ ಕಾಗದದಿಂದ ಉಜ್ಜಿದೆ. ಎರಡು ದಿನ ಬಿಟ್ಟು ಮತ್ತೆ ಅದೇ ಮಾತು. ಹೊಸ ರಿಲೇ ತಂದು ಹಾಕಿದೆ. ಮತ್ತೆ ಅದೇ. ಬಲ್ಬಿನ ಹೋಲ್ಡರು ಬದಲಿಸಿದೆ, ವೈರು ಬದಲಿಸಿದೆ. ನಾನು ಪರೀಕ್ಷೆ ಮಾಡಿದಾಗೆಲ್ಲ ಬಲ್ಬು ಫಳ್ಳನೆ ಹತ್ತುತ್ತಿತ್ತು.

"ನೀ ಇದ್ದಾಗ ಶಾಣ್ಯಾನಂಗ ಇರತದ. ನೀ ಹೊರಗ ಹೋದಿ ಅಂದ್ರ ಇದರ ಆಟ ಚಾಲೂ," ಅನ್ನುತ್ತಿದ್ದಳು ಅವ್ವ. ಅಪ್ಪ ಮನೆಯಲ್ಲಿದ್ದಾಗ ಅವಳು ದೂರುತ್ತಿರಲಿಲ್ಲ. ದೀಪ ಹತ್ತಿದೆಯೋ ಇಲ್ಲವೋ ಅಂತ ಅಪ್ಪ ಗಮನಿಸುವವರೂ ಅಲ್ಲ.

ಬೇರೆ ಸಂಗತಿಗಳೂ ನಡೆಯುತ್ತಿದ್ದವು. ಕಪ್ಪು, ಕಡುನೀಲಿ ಸೀರೆ ಬಂದರೆ ಅವ್ವ ವಾಪಸು ಕಳಿಸತೊಡಗಿದಳು. "ಆ ಬಣ್ಣದ ದಾರ ಸಿಗವಲ್ಲದು" ಅನ್ನುತ್ತಿದ್ದಳು. ದಾರದ ಡಬ್ಬಿಯಲ್ಲಿ ಕಪ್ಪು ದಾರದ ರೀಲು ಹೊರಳಾಡುತ್ತಿದ್ದದ್ದನ್ನು ನಾನೇ ನೋಡಿದ್ದೆ. ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಿದ್ದಳು. ಒಂದು ಬೆಳಿಗ್ಗೆ ಅಪ್ಪನ ಚಹಾವನ್ನು ಕಪ್ಪಿನ ಪಕ್ಕಕ್ಕೆ, ಕಟ್ಟೆಯ ಮೇಲೆ ಸುರಿದಳು. "ಮಳಿಗಾಲದ ಕತ್ತಲಿ ನೋಡ್ರಿ, ಏನೂ ಕಾಣೂದಿಲ್ಲ" ಅಂದಳು. ಹೊರಗೆ ಮೋಡ ಮುಚ್ಚಿತ್ತು. ನಾವು ಹೌದೆಂದೆವು.

ಆಮೇಲೊಂದು ದಿನ ಜೋರು ಮಳೆಗೆ ಕಾಲೇಜಿಗೆ ರಜೆ ಕೊಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಏನೋ ಬೆಸುಗೆ ಹಾಕುತ್ತಿದ್ದೆ. ಅವ್ವ ಮುಂದಿನ ಕೋಣೆಯಿಂದ ನಡುಮನೆಗೆ ಬಂದಳು. ಟಕ್. ಬಲ್ಬು ಹತ್ತಿತು. ಅವಳ ಕೆನ್ನೆಯ ಮೇಲೆ, ಬಳೆಯ ಮೇಲೆ, ಕೈಯಲ್ಲಿದ್ದ ಕಾಕುವಿನ ಹಸಿರು ಸೀರೆಯ ಮೇಲೆ ಬೆಳಕು ಬಿತ್ತು. ಅವಳು ಒಂದು ಕೈ ಮುಂದೆ ಚಾಚಿ, ಮಂಚದ ಅಂಚು ಹುಡುಕುತ್ತ, ನನ್ನ ಕಡೆ ಮುಖ ಮಾಡಿ ಹೇಳಿದಳು.

"ಈಗರೆ ನೋಡಿದಿಯಲ್ಲ? ಟಕ್ ಅಂತು. ಹತ್ತಲಿಲ್ಲ."

ನಾನು ಅವ್ವನನ್ನು ನೋಡಿದೆ. ಬಲ್ಬು ನೋಡಿದೆ. ಮತ್ತೆ ಅವ್ವನನ್ನು ನೋಡಿದೆ.

"ಯಾಕೋ, ಸುಮ್ಮನಾದಿ?"

"ಏನಿಲ್ಲವ್ವ. ತಡಿ, ನೋಡತೀನಿ," ಅಂದೆ.

ಸ್ಟೂಲು ತಂದೆ. ಸ್ಕ್ರೂಡ್ರೈವರ್ ತಂದೆ. ಹತ್ತಿ ನಿಂತು, ಏನೂ ಕೆಡದ ಸೆನ್ಸರಿನ ಮುಚ್ಚಳ ಬಿಚ್ಚಿದೆ. ಮಾಡುವುದಕ್ಕೆ ನನಗೆ ಬೇರೆ ಏನೂ ಗೊತ್ತಿರಲಿಲ್ಲ. ಒಂದು ಸ್ಕ್ರೂ ಸಡಿಲ ಮಾಡುವುದು, ಮತ್ತೆ ಬಿಗಿ ಮಾಡುವುದು. ಅವ್ವ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈಯಿಂದ ಸ್ಟೂಲು ಹಿಡಿದು ನಿಂತಿದ್ದಳು.

"ಆತೇನು?"

"ಆತು."

"ಈಗ ಹತ್ತತದೇನು?"

ಅದು ಹತ್ತಿಯೇ ಇತ್ತು. ನಾನು "ಹೂಂ" ಅಂದೆ.

ಸಂಜೆ ಅಪ್ಪ ಬಂದಾಗ ಹಿತ್ತಲಿಗೆ ಕರೆದೊಯ್ದು ಹೇಳಿದೆ. ಅವರು ಕೈಕಾಲು ತೊಳೆಯುತ್ತಿದ್ದವರು ತಂಬಿಗೆ ಕೆಳಗಿಟ್ಟರು. "ನಿನ್ನ ಮಷೀನ್ ಇನ್ನೊಮ್ಮೆ ನೋಡು," ಅಂದರು. "ನೋಡೀನಪ್ಪಾ." "ಇನ್ನೊಮ್ಮೆ ನೋಡೋ," ಅಂದರು. ಆಮೇಲೆ ತಾವೇ ಒಳಗೆ ಹೋಗಿ ಸೆನ್ಸರಿನ ಕೆಳಗೆ ಬಹಳ ಹೊತ್ತು ಓಡಾಡಿದರು.

ಕಣ್ಣಿನ ಆಸ್ಪತ್ರೆಗೆ ಅವ್ವನನ್ನು ಕರೆದೊಯ್ದವನು ನಾನೇ. ಒಂದು ಕತ್ತಲ ಕೋಣೆಯಲ್ಲಿ ದೊಡ್ಡ ಬೋಗುಣಿಯನ್ನು ಅಡ್ಡ ಮಲಗಿಸಿದಂಥ ಬಿಳಿ ಯಂತ್ರವಿತ್ತು. ಅದರ ಬಾಯಿಗೆ ಗದ್ದ ಊರಿ ಕೂತು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತಲೂ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಬೇರೆ ದಿನವಾಗಿದ್ದರೆ ಅದರ ಹಿಂಬದಿಗೆ ಹೋಗಿ ವೈರುಗಳನ್ನು ನೋಡುತ್ತಿದ್ದೆನೇನೋ.

"ದಿಸಲಂ ಕೀ ದಾಬಾ, ಮಾವಶಿ," ಅಂದಳು ಯಂತ್ರ ನಡೆಸುವ ಹುಡುಗಿ, ಕಂಡರೆ ಒತ್ತಿ ಅಂತ. ಅವ್ವ "ಹೋ, ಹೋ" ಅಂತ ಒಪ್ಪಿ ಗುಂಡಿಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು.

ಬೆಳಕು ಜಾಗ ಬದಲಿಸುವಾಗ ಯಂತ್ರದೊಳಗೆ ಸಣ್ಣಗೆ ಸದ್ದಾಗುತ್ತಿತ್ತು. ಸದ್ದಾದ ಮೇಲೆ ನಾನು ಕಾಯುತ್ತಿದ್ದೆ. ಅವ್ವನ ಹೆಬ್ಬೆರಳು ಅಲುಗಾಡುತ್ತಿರಲಿಲ್ಲ. ಮತ್ತೊಂದು ಸದ್ದು. ಇಲ್ಲ. ಮತ್ತೊಂದು. ಒಮ್ಮೆ ಒತ್ತಿದಳು, ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಮತ್ತೆ ಸದ್ದುಗಳೇ. ಬಂತವ್ವಾ, ಈಗ ಬಂತು, ಒತ್ತು ಅಂತ ಕೂಗಬೇಕೆನಿಸುತ್ತಿತ್ತು. ಆ ಹೆಬ್ಬೆರಳಿನ ಮೇಲೆ ನನ್ನ ಹೆಬ್ಬೆರಳಿಟ್ಟು ಒತ್ತಿಬಿಡಬೇಕೆನಿಸುತ್ತಿತ್ತು. ಒತ್ತಿ ಏನು ಉಪಯೋಗ? ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತೆ.

ಗದ್ದ ಎತ್ತದೆ ಅವ್ವ ಮೆಲ್ಲಗೆ ಕೇಳಿದಳು. "ತಮ್ಮಾ, ಇನ್ನೂ ಚಾಲೂ ಮಾಡಿಲ್ಲೇನೋ ಇವರು?"

ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಮಾವಶಿ ಏನು ಕೇಳಿದರು ಅಂತ. ನಾನು ಏನೂ ಇಲ್ಲ ಅಂತ ತಲೆ ಆಡಿಸಿದೆ.

ಡಾಕ್ಟರು ಸಮಾಧಾನದ ಮನುಷ್ಯ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಲು ದಿನಾ ಔಷಧದ ಹನಿ ಹಾಕಬೇಕು ಅಂದರು. "ಆಪರೇಷನ್ ಮಾಡಿದರೆ?" ಅಂತ ಕೇಳಿದೆ. ಅದು ಕೂಡ ಉಳಿದದ್ದನ್ನು ಕಾಯುವುದಕ್ಕೇ ಅಂದರು. ಉಳಿದದ್ದು ಎಷ್ಟು ಅಂತ ಕೇಳಲು ಧೈರ್ಯ ಬರಲಿಲ್ಲ.

ಬಸ್ಸಿನಲ್ಲಿ ಅವ್ವನಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊರಗೆ ಮುಖ ಮಾಡಿಯೇ ಕೇಳಿದಳು.

"ಆ ಸೆನ್ಸರ್ ಛಲೋನ ಇತ್ತಲ್ಲ?"

"ಹೂಂ."

"ಮತ್ತ ಅವತ್ತ ಯಾಕ ಬಿಚ್ಚಿದಿ?"

ನಾನು ಔಷಧದ ಚೀಟಿ ಮಡಚಿ ಜೇಬಿಗಿಟ್ಟೆ. ಅವಳು ನನ್ನ ಮೊಣಕಾಲನ್ನು ಒಮ್ಮೆ ತಟ್ಟಿದಳು. "ಹೋಗಲಿ ಬಿಡು. ಕಾಕುನ ಹಸರ ಸೀರಿ ಹಂಗ ಉಳದದ. ನಾಳೆ ನೀ ಸೂಜ್ಯಾಗ ದಾರಾ ಹಾಕಿಕೊಟ್ಟು ಕಾಲೇಜಿಗೆ ಹೋಗು."

ಮರುದಿನ ನಾನು ಅರವತ್ತು ವ್ಯಾಟಿನ ಬಲ್ಬು ತೆಗೆದು ನೂರರದು ಹಾಕಿದೆ. "ಈಗ ಹೆಂಗವ್ವಾ?" "ಸ್ವಲ್ಪ ಬಂತು ನೋಡು," ಅಂದಳು. ಆ ಸ್ವಲ್ಪ ನನಗೆ ಸಾಲಲಿಲ್ಲ. ಇನ್ನೂರರದು ತಂದೆ. ಅದರ ಬಿಸಿಗೆ ಸೆನ್ಸರೇ ಗೊಂದಲಕ್ಕೆ ಬಿತ್ತು. ಮನುಷ್ಯರ ಕಾವು ಯಾವುದು, ಬಲ್ಬಿನ ಕಾವು ಯಾವುದು ಅಂತ ತಿಳಿಯದೆ ದೀಪ ಆರಿಸುವುದನ್ನೇ ಬಿಟ್ಟುಬಿಟ್ಟಿತು. ನಾನೂ ಸರಿಮಾಡಲು ಹೋಗಲಿಲ್ಲ. ಹತ್ತಿಯೇ ಇರಲಿ ಅಂತ ಬಿಟ್ಟೆ. ಒಂದು ಮೂಲೆಗೆ ಟ್ಯೂಬ್‌ಲೈಟ್ ಹಾಕಿದೆ, ಎದುರಿನ ಗೋಡೆಗೆ ಮತ್ತೊಂದು ಬಲ್ಬು. ನಡುಮನೆ ಮದುವೆಯ ಮಂಟಪದ ಹಾಗೆ ಧಗಧಗಿಸತೊಡಗಿತು.

ಆ ವಾರ ಒಂದು ಸಂಜೆ ಊಟಕ್ಕೆ ಅಲ್ಲೇ ಕೂತೆವು. ಅಪ್ಪನಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ತಲೆ ತಗ್ಗಿಸಿ, ಎಡಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ರೊಟ್ಟಿ ಮುರಿಯುತ್ತಿದ್ದರು. ನನ್ನ ಕಣ್ಣಲ್ಲೂ ನೀರಾಡುತ್ತಿತ್ತು. ಬೆವರು ಬೇರೆ. ಅವ್ವ ಮಾತ್ರ ಕಣ್ಣು ಪೂರ್ತಿ ತೆರೆದುಕೊಂಡು, ಬೆರಳ ತುದಿಯಿಂದ ಅಪ್ಪನ ತಾಟಿನ ಅಂಚು ಹುಡುಕಿ, ಪಲ್ಯ ಬಡಿಸಿದಳು. ಆಮೇಲೆ ಬಡಿಸುವ ಚಮಚ ಹಾಗೆಯೇ ಹಿಡಿದು ನಮ್ಮ ಕಡೆ ತಿರುಗಿದಳು.

"ನಿಮಗ ಕಾಣತದಲ್ಲರೀ? ಬೆಳಕು ಸಾಕಾಗತದೇನು?"

ಅಪ್ಪ ಹುಬ್ಬಿನ ಮೇಲಿನ ಕೈ ತೆಗೆಯಲಿಲ್ಲ.

"ಸಾಕಾಗತದ," ಅಂದರು. "ಭಾಳ ಛಲೋ ಅದ."