ಶರಬತ್ತಿನ ಬಾಟಲಿಯ ಸೀಮೆಎಣ್ಣೆ

ಕೋಡಿಬಾಗದ ಮೀನುಗಾರ ಶಾಂತಾರಾಮನಿಗೆ ಖಾಲಿ ಬಾಟಲಿ ಬಿಸಾಡಲು ಮನಸ್ಸೇ ಬಾರದು. ದೋಣಿಯ ಸೀಮೆಎಣ್ಣೆಯನ್ನೂ ಕೋಕಂ ಶರಬತ್ತಿನ ಬಾಟಲಿಯಲ್ಲೇ ಇಡುತ್ತಿದ್ದ. ವಿಷಕ್ಕೆ ಶರಬತ್ತಿನ ವೇಷ ಹಾಕುವ ಈ ಕೆಟ್ಟ ಚಾಳಿ ನಮ್ಮಲ್ಲಿ ಮನೆಮನೆಯದು. ಮೊನ್ನೆ ಬಲೆ ಹೊತ್ತು ಬಾಯಾರಿ ಬಂದವನು ಅದನ್ನೇ ಗುಟುಕರಿಸಿ ಕೆಮ್ಮತೊಡಗಿದ.

ಹೆಂಡತಿ ಕಾಶಿ ಉಪ್ಪುನೀರು ಹಿಡಿದು ಓಡಿ ಬಂದಳು. "ಕುಡೀರಿ, ಎಲ್ಲಾ ವಾಂತಿ ಆಗ್ಲಿ."

"ನಿನ್ನ ಮೀನುಸಾರಿನ ಉಪ್ಪೇ ಸಾಕು ಮಾರಾಯ್ತಿ, ಇದು ಬೇಡ," ಎಂದವನು ಹಲ್ಲು ಕಚ್ಚಿ ಕುಳಿತ. ಕಾಶಿ ಬೈಯುತ್ತಲೇ ಅವನನ್ನೂ ಬಾಟಲಿಯನ್ನೂ ರಿಕ್ಷಾಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋದಳು.

"ವಾಂತಿ ಮಾಡಿಸಿದ್ರೆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತಾಗ್ತಿತ್ತು," ಎಂದರು ಡಾಕ್ಟರು.

ಗುಣವಾಗಿ ಮನೆಗೆ ಬಂದ ಶಾಂತಾರಾಮ ಮೀಸೆ ತಿರುವಿದ. "ನೋಡಿದ್ಯಾ, ನನ್ನ ಹಟವೇ ನನ್ನ ಉಳಿಸ್ತು."

ಕಾಶಿ ಸೀಮೆಎಣ್ಣೆಯನ್ನು ಕ್ಯಾನಿಗೆ ಸುರಿದು, ಹಿಡಿಕೆಗೆ ಅವನ ಹಳೇ ಚಪ್ಪಲಿ ಕಟ್ಟಿದಳು. "ಇನ್ನು ಬಾಯಾರಿದ್ರೆ ಮೊದ್ಲು ಇದು ಬಾಯಿಗೆ ಬರ್ತದೆ."