ಪಟ ಆಕಾಶದಲ್ಲಿರುವ ತನಕ

ದೀಪಾವಳಿಗೆಂದು ಉಣಕಲ್ಲಿನ ತವರಿಗೆ ಹೋದ ನನ್ನ ಹೆಂಡತಿ ಸಂಕ್ರಾಂತಿ ಬಂದರೂ ತಿರುಗಿ ಬಂದಿರಲಿಲ್ಲ. ಜಗಳ ಮಾಡಿಕೊಂಡು ಹೋದವಳಲ್ಲ. ಜಗಳವಾಡಲಿಕ್ಕೆ ಎದುರಿನವರಾದರೂ ಮಾತಾಡಬೇಕಲ್ಲ. "ನಿಮ್ಮ ಜೋಡಿ ಇರೂದಂದ್ರ ಗ್ವಾಡಿ ಜೋಡಿ ಸಂಸಾರ ಮಾಡಿದಂಗ್ರಿ" ಎಂದು ಹೊರಡುವಾಗ ಹೇಳಿದಳು. ನಾನು ಅದಕ್ಕೂ ಏನೂ ಹೇಳಲಿಲ್ಲ. ಸಪ್ತಾಪುರದ ನಮ್ಮ ಓಣಿಯಲ್ಲಿ ಕೇಳಿದವರಿಗೆಲ್ಲ ಅತ್ತೆಗೆ ಆರಾಮಿಲ್ಲ ಎಂದು ಹೇಳುತ್ತಿದ್ದೆ.

ಓಣಿಯ ಹೆಣ್ಣುಮಕ್ಕಳು ಸೇರಿ ಪ್ರತಿ ವರ್ಷ ಸಂಕ್ರಾಂತಿಗೆ ರಾಯಾಪುರದ ಬಯಲಿನಲ್ಲಿ ಗಾಳಿಪಟದ ಹಬ್ಬ ಮಾಡುತ್ತಾರೆ. ಈ ಸಲ ಗಂಡ-ಹೆಂಡಿರ ಜೋಡಿ ಸ್ಪರ್ಧೆ ಇಟ್ಟಿದ್ದರು. ದಸರೆಯ ಹೊತ್ತಿಗೇ ಅವಳು ನಮ್ಮಿಬ್ಬರ ಹೆಸರು ಬರೆಸಿಬಿಟ್ಟಿದ್ದಳು. ಹಬ್ಬದ ಹಿಂದಿನ ದಿನ ಫೋನಿಗೆ ಅವಳ ಸಂದೇಶ ಬಂತು: "ಗೆಳತ್ಯಾರಿಗೆ ಮಾತು ಕೊಟ್ಟೇನಿ, ಬರ್ತೇನಿ. ಮಂದಿ ಮುಂದ ಏನೂ ತೋರಸಬ್ಯಾಡ್ರಿ."

ಮರುದಿನ ಬಯಲಿನಲ್ಲಿ ತನ್ನ ತಮ್ಮನ ಸ್ಕೂಟರಿನಿಂದ ಇಳಿದವಳನ್ನು ಗೆಳತಿಯರು ಮುತ್ತಿಕೊಂಡರು. ಅವಳು ನಗುತ್ತಿದ್ದಳು. ಆ ನಗೆ ನಮ್ಮ ಮನೆಯಲ್ಲಿ ಯಾವಾಗ ನಿಂತುಹೋಯಿತು ಎಂದು ನೆನಪಿಸಿಕೊಳ್ಳಲು ಹೋದೆ, ಆಗಲಿಲ್ಲ. ಪಟ ಎದೆಗೆ ಹಿಡಿದುಕೊಂಡು ನಿಂತೆ.

ಗಂಡ ಪಟ ಹಾರಿಸಬೇಕು, ಹೆಂಡತಿ ಹಿಂದೆ ನಿಂತು ದಾರದ ಚಕ್ರಿ ಹಿಡಿಯಬೇಕು. ಒಬ್ಬರ ದಾರ ಇನ್ನೊಬ್ಬರು ಕತ್ತರಿಸುತ್ತ ಹೋಗಿ, ಕೊನೆಗೆ ಯಾರ ಪಟ ಉಳಿಯುತ್ತದೋ ಅವರು ಗೆದ್ದಂತೆ. ಸೀಟಿ ಊದಿದರು. ನಮ್ಮ ಪಟ ಮೇಲೇರಿತು.

"ಢೀಲ ಬಿಡ್ಲೇನ್ರಿ?" ಎಂದಳು ಹಿಂದಿನಿಂದ, ಚಕ್ರಿಯ ದಾರ ಸಡಿಲಿಸುತ್ತ.

"ಬಿಡು."

"ಸಾಕಾ?"

"ಇನ್ನೊಂಚೂರು."

ಈ ಪಟ ಮೇಲಿರುವಷ್ಟು ಹೊತ್ತು ಅವಳು ನನ್ನ ಹಿಂದೆ ನಿಲ್ಲಲೇಬೇಕು ಎನ್ನುವುದು ಆಗ ಹೊಳೆಯಿತು. ಗೆದ್ದರೂ ಮುಗಿಯಿತು, ಸೋತರೂ ಮುಗಿಯಿತು. ಪಟವನ್ನು ಉಳಿದವರಿಂದ ದೂರ ಒಯ್ದು ಒಂದು ಮೂಲೆಯಲ್ಲಿ ನಿಲ್ಲಿಸಿದೆ. ಚಿಕ್ಕಂದಿನಿಂದ ಪಟ ಹಾರಿಸಿದ್ದೇನೆ. ಹೀಗೆ ಹೆದರಿ ಎಂದೂ ಹಾರಿಸಿರಲಿಲ್ಲ.

ಮೈಕು ಹಿಡಿದಿದ್ದ ನಮ್ಮ ಪಕ್ಕದ ಮನೆಯ ಕಾಕಾ ಕೂಗಿದರು: "ಏ ತಮ್ಮಾ, ಪಟ ಕಾದಸಾಕ ಬಂದಿಯೋ, ಒಣಗಸಾಕ ಬಂದಿಯೋ?" ಬಯಲೆಲ್ಲ ನಕ್ಕಿತು.

ಅತ್ತ ಜಮಖಾನೆ ಹಾಸಿ ಕೂತ ಗೆಳತಿಯರು ಅವಳನ್ನು ಕರೆಯುತ್ತಲೇ ಇದ್ದರು. "ಲಗೂ ಬಾರವಾ, ಚುರುಮುರಿ ಮೆತ್ತಗಾಗಾಕತ್ತಾವು." ಅವಳು "ಬಂದ್ನಿ" ಎಂದಾಗಲೆಲ್ಲ ನಾನು ಪಟವನ್ನು ಇನ್ನಷ್ಟು ಮೇಲೇರಿಸುತ್ತಿದ್ದೆ. ಒಮ್ಮೆ ಚಕ್ರಿಯನ್ನು ನೆಲಕ್ಕಿಟ್ಟು ನಾಲ್ಕು ಹೆಜ್ಜೆ ಅತ್ತ ಹೋದಳು. "ಢೀಲ ಬಿಡು, ಪಟ ಹೊಂಟತಿ!" ಎಂದು ಚೀರಿದೆ. ಓಡಿ ಬಂದು ಚಕ್ರಿ ಎತ್ತಿಕೊಂಡವಳು ಮೇಲೆ ನೋಡಿದಳು. ಪಟ ಅಲುಗದೆ ನಿಂತಿತ್ತು.

"ಯಾಕ್ರಿ ಸುಳ್ಳ ಹೇಳಿದ್ರಿ?"

ಹೊತ್ತು ಇಳಿಯಿತು. ಆಕಾಶದಲ್ಲಿ ಎರಡೇ ಪಟ ಉಳಿದವು: ನಮ್ಮದು, ಮತ್ತು ಹೊಸದಾಗಿ ಮದುವೆಯಾದ ಜೋಡಿಯೊಂದರದು. ಆ ಹುಡುಗನ ಪಟ ಹತ್ತಿರ ಬಂದಾಗಲೆಲ್ಲ ನಾನು ತಪ್ಪಿಸಿಕೊಳ್ಳುತ್ತಿದ್ದೆ.

"ಗೆಲ್ಲೂದಿದ್ರ ಗೆಲ್ರಿ, ಇಲ್ಲಾಂದ್ರ ಬಿಡ್ರಿ," ಎಂದಳು. "ನನಗ ಅವರ ಕೂಡ ಕುಂತು ಮಾತಾಡೂದೈತಿ."

"ಪಟ ಇಳದ್ರ ನೀ ಹೋಗ್ತಿ," ಎಂದೆ.

ಹಿಂದೆ ಚಕ್ರಿ ತಿರುಗುವುದು ನಿಂತಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಪಟವನ್ನೇ ನೋಡುತ್ತ, "ಮನಿಗೆ ಬಾ" ಎಂದೆ.

"ಇಷ್ಟ ಮಂದಿ ನಡುವ ಹೇಳಾಕತ್ತೀರಿ. ಉಣಕಲ್ ಎಷ್ಟ ದೂರ ಐತ್ರಿ? ಒಂದ ದಿನಾರ ಬಂದೀರೇನ್ರಿ?" ಎಂದಳು. "ದಿನಾ ಬಾಗಲಾ ನೋಡ್ತಿದ್ನಿ."

ಆ ಹುಡುಗನ ದಾರ ನನ್ನ ದಾರದ ಮೇಲೆ ಬಂದು ಕೂತಿತು. ಆಗ ಏನು ಮಾಡಬೇಕೆಂದು ನನ್ನ ಕೈಗೆ ಗೊತ್ತಿತ್ತು. ಕೈ ಏಳಲಿಲ್ಲ. ದಾರ ಕಡಿದು ಬೆರಳಲ್ಲಿ ಸಡಿಲವಾಯಿತು. ಪಟ ಹೊರಳುತ್ತ ಹೆದ್ದಾರಿಯ ಕಡೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಅವಳು ಉಳಿದ ದಾರವನ್ನು ಅಚ್ಚುಕಟ್ಟಾಗಿ ಸುತ್ತಿ, ಚಕ್ರಿಯನ್ನು ನನ್ನ ಕೈಗೆ ಕೊಟ್ಟು, ಕಣ್ಣೊರೆಸಿಕೊಂಡು, ನಗುತ್ತ ಜಮಖಾನೆಯ ಕಡೆ ನಡೆದಳು.

ನಾನೂ ಹೋಗಿ ಅವರ ನಡುವೆ ಕೂತೆ. ಎಂದೂ ಹಾಗೆ ಕೂತವನಲ್ಲ. ಗಾಳಿಯ ಬಗ್ಗೆ, ಚುರುಮುರಿಗೆ ಹಾಕಿದ ಪುಟಾಣಿ ಹಿಟ್ಟಿನ ಬಗ್ಗೆ, ಕೇಳದವರಿಗೂ ಕೇಳಿಸುವಂತೆ ಮಾತಾಡಿದೆ. "ಇವತ್ತ ನಿಮ್ಮ ಮನಿಯವರಿಗೆ ಏನಾತವಾ?" ಎಂದು ಯಾರೋ ಕೇಳಿದರು. ಅವಳು ತಲೆ ತಗ್ಗಿಸಿದಳು. ಅವಳ ತಮ್ಮ ಸ್ಕೂಟರ್ ಚಾಲೂ ಮಾಡುವ ತನಕ ನಾನು ಮಾತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅತ್ತುಬಿಡುತ್ತೇನೆ ಅನ್ನಿಸಿತ್ತು.

ಮರುದಿನ ಉಣಕಲ್ಲಿಗೆ ಹೋದೆ. ಬಾಗಿಲು ತೆಗೆದ ಅತ್ತೆ ಚಹಾ ಕೊಟ್ಟರು. ಅವಳು ಎದುರು ಬಂದು ಕೂತಳು, ನನ್ನ ಜೊತೆ ಹೊರಡಲಿಲ್ಲ. ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಬಸ್ಸಿನಲ್ಲಿ ಕೂತು ಇವತ್ತು ಏನು ಮಾತಾಡಬೇಕೆಂದು ಯೋಚಿಸುತ್ತೇನೆ. ಅವಳ ಮುಂದೆ ಕೂತಾಗ ಅರ್ಧ ಮರೆತುಹೋಗಿರುತ್ತದೆ. ಅವಳು ಕಾಯುತ್ತಾಳೆ. ಕೆಲವೊಮ್ಮೆ "ಮತ್ತ?" ಎನ್ನುತ್ತಾಳೆ.